ಪರೀಕ್ಷೆಗೆಂದು ತೆರೆದಿಟ್ಟ ಸಾಲು

ಕಾಳಿ ನದಿಯ ಅಳಿವೆ, ಕಾರವಾರ
2187ರ ಫೆಬ್ರವರಿ 30

ವೆಬ್ ಆಪ್ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಇಷ್ಟು ವರ್ಷಗಳಲ್ಲಿ ಭಾಷೆ ಬದಲಾಗಿದೆ, ನಿಮ್ಮ ಒಂದು ಅಭ್ಯಾಸ ಮಾತ್ರ ಬದಲಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಣಿಕಾ ಹರಿಕಂತ್ರ, ಇಲ್ಲಿನ ತಕ್ಷಣಹಲಗೆಯ ಪಾಲಕಿ. ತಕ್ಷಣಹಲಗೆ ಎಂದರೆ ನೀವು ರಿಯಲ್‌ಟೈಮ್ ಬ್ಯಾಕೆಂಡ್ ಎನ್ನುತ್ತಿದ್ದುದೇ: ಒಂದು ಕಡೆ ಬರೆದದ್ದು ಆ ಕ್ಷಣವೇ ಎಲ್ಲ ಪರದೆಗಳಿಗೂ ತಲುಪುತ್ತದೆ, ಯಾರೂ ಮತ್ತೆ ಮತ್ತೆ ಕೇಳಬೇಕಿಲ್ಲ. ಕಡಲು ಏರಿ ರಸ್ತೆಗಳು ಮುಳುಗಿದ ಮೇಲೆ ನಮ್ಮ ಓಡಾಟವೆಲ್ಲ ದೋಣಿಯಲ್ಲಿ. ಹತ್ತುವವರ ಹೆಸರೂ ಇಳಿಯುವ ಜಾಗವೂ ಹಲಗೆಗೆ ಏರುತ್ತವೆ. ಮಾಜಾಳಿಯಲ್ಲಿ ಅಜ್ಜಿ ದೋಣಿ ಹತ್ತಿದಳೆಂದು ತಿಳಿದ ಮೇಲೆಯೇ ಸದಾಶಿವಗಡದಲ್ಲಿ ಮೊಮ್ಮಗಳು ಗಂಜಿಗೆ ಅಕ್ಕಿ ಹಾಕುತ್ತಾಳೆ. ಬಂಗಡೆ ಬಂದದ್ದು, ದವಾಖಾನೆಗೆ ಡಾಕ್ಟರು ಬಂದದ್ದು, ಬಾವಿಯ ನೀರು ಉಪ್ಪಾದದ್ದು, ಎಲ್ಲವೂ ಹಲಗೆಯಲ್ಲೇ ಗೊತ್ತಾಗುತ್ತದೆ. ಇದನ್ನು ಕಟ್ಟಿಕೊಟ್ಟ ನಿಮಗೆ ಕೈ ಮುಗಿಯುತ್ತೇನೆ, ಕೊಂಕಲ್ಲ.

ಹಲಗೆಯ ಪ್ರತಿ ಸಾಲಿಗೂ ಒಂದು ನೋಟಕಟ್ಟಳೆ ಇರುತ್ತದೆ, ಅಂದರೆ ಅದನ್ನು ಯಾರು ನೋಡಬಹುದು ಎಂಬ ನಿಯಮ. ಹೊಸದಾಗಿ ಕಟ್ಟುವಾಗ, ಪರೀಕ್ಷೆ ಸಲೀಸಾಗಲಿ ಎಂದು 'ಎಲ್ಲರೂ ನೋಡಬಹುದು' ಎಂದು ಬರೆದಿಟ್ಟು, ಆಮೇಲೆ ಮುಚ್ಚಿದರಾಯಿತು ಎಂದುಕೊಳ್ಳುವುದು ನಿಮ್ಮಲ್ಲಿ ಅನೇಕರ ಪದ್ಧತಿ. ಕೆಲಸ ನಡೆಯುತ್ತಿದೆಯಲ್ಲ ಎಂದು ಆ 'ಆಮೇಲೆ' ಬರುವುದೇ ಇಲ್ಲ. ಹಳೆಯ ಮೊಸರಿನಿಂದ ಹೆಪ್ಪು ಹಾಕಿದಂತೆ ನಾವು 'ಎಲ್ಲರೂ ನೋಡಬಹುದು' ಎಂಬ ಆ ಸಾಲನ್ನೇ ಹಲಗೆಯಿಂದ ಹಲಗೆಗೆ ತಂದೆವು.

ಶೇವಂತಿ ಬಲೆ ಹೆಣೆಯುವವಳು. ಎರಡು ವರ್ಷದ ಹಿಂದೆ, ಹೊಡೆಯುವ ಗಂಡನನ್ನು ಬಿಟ್ಟು ಮಗಳೊಂದಿಗೆ ದೇವಬಾಗಕ್ಕೆ ಹೊರಟಳು. ದೋಣಿ ಹತ್ತುವ ಮೊದಲು ನನ್ನ ಕಚೇರಿಗೆ ಬಂದು, ತನ್ನ ಹೆಸರು ಯಾರಿಗೆಲ್ಲ ಕಾಣುತ್ತದೆ ಎಂದು ಕೇಳಿದಳು. ನಾನು ಪರದೆ ನೋಡಿ, ನಿನ್ನ ತಾಯಿಗೆ ಮಾತ್ರ ಎಂದೆ. ಪರದೆಯ ಮಟ್ಟಿಗೆ ಅದು ನಿಜ. ಆದರೆ ಮುಚ್ಚಿಟ್ಟದ್ದು ಪರದೆ, ಹಲಗೆಯಲ್ಲ. ಪರದೆಯನ್ನು ಬಿಟ್ಟು ನೇರವಾಗಿ ಹಲಗೆಯನ್ನೇ ಕೇಳಿದವರಿಗೆ ಅದು ಊರಿನ ಎಲ್ಲರ ಹೆಸರನ್ನೂ, ಇಳಿಯುವ ಜಾಗವನ್ನೂ ಹೇಳುತ್ತಿತ್ತು. ಗಂಡ ಬೀಗ ಒಡೆಯಲಿಲ್ಲ. ಕೇಳಿದ, ಅಷ್ಟೇ. ದೋಣಿ ದೇವಬಾಗದ ದಕ್ಕೆ ಮುಟ್ಟುವ ಮೊದಲೇ ಅವನು ಅಲ್ಲಿ ನಿಂತಿದ್ದ. ಜನ ಬಿಡಿಸಿದರು. ಅವಳ ಎಡಗೈ ಬೆರಳುಗಳು ಇಂದಿಗೂ ಮಡಚುವುದಿಲ್ಲ. ಅವನು ಒಂದು ವರ್ಷ ಸೆರೆಯಲ್ಲಿದ್ದು ಹೊರಬಂದಿದ್ದಾನೆ.

ಆ ನಿಯಮ ಸರಿಪಡಿಸಲು ನನಗೆ ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈಗ ಮುಚ್ಚಿದ್ದೇನೆ, ಹೆದರಬೇಡ ಎಂದು ಹೇಳಲು ಅವಳ ಮನೆಗೆ ಹೋದೆ. ಅವಳು ಬಲೆಯಿಂದ ತಲೆ ಎತ್ತದೆ, "ಅವತ್ತೂ ಹಾಂಗೇ ಹೇಳಿದ್ದೆ ಅಲ್ದ, ಅಕ್ಕ?" ಎಂದಳು. ಅಂದಿನಿಂದ ಅವಳು ಹಲಗೆಗೆ ಹೆಸರು ಕೊಡುವುದಿಲ್ಲ. ಸ್ವಂತದ ಪುಟ್ಟ ದೋಣಿಯಲ್ಲಿ ಮಗಳನ್ನು ಕೂರಿಸಿಕೊಂಡು, ಆ ಕೈಯಲ್ಲೇ ಹುಟ್ಟು ಹಾಕುತ್ತಾಳೆ.

ನಿಮ್ಮಲ್ಲಿ ಕೇಳುವುದಿಷ್ಟೇ. ಮೊದಲ ದಿನವೇ ಎಲ್ಲವನ್ನೂ ಮುಚ್ಚಿ, ಆಮೇಲೆ ಬೇಕಾದವರಿಗೆ ಬೇಕಾದಷ್ಟೇ ತೆರೆಯಿರಿ. ಜನರನ್ನು ಒಳಗೆ ಬಿಡುವ ಮುಂಚೆ, ಯಾರೋ ಅಪರಿಚಿತರಂತೆ ಹೊರಗಿನಿಂದ ನೀವೇ ಒಮ್ಮೆ ಕೇಳಿ ನೋಡಿ. ಪರದೆಯನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.

ಮಧ್ಯಾಹ್ನದಿಂದ ಬಿರುಗಾಳಿ ಎದ್ದಿದೆ. ನಮ್ಮ ಕಾಲದಲ್ಲಿ ಫೆಬ್ರವರಿಯಲ್ಲೂ ಏಳುತ್ತದೆ. ಹಲಗೆಯಲ್ಲಿದ್ದ ನಲವತ್ತೊಂದು ದೋಣಿಗಳಿಗೂ ಹಿಂದಿರುಗಲು ಕರೆ ಹೋಯಿತು, ನಲವತ್ತೊಂದೂ ದಡ ಸೇರಿವೆ. ಶೇವಂತಿಯ ದೋಣಿ ಎಲ್ಲಿದೆ ಎಂದು ಹಲಗೆಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದಂಡೆಗೆ ಹೋಗಿ ನೋಡಬೇಕು. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ಮಾಣಿಕಾ