ಸೀಟಿಗೆ ಹಾಸಿದ ಪೇಪರ್

ರಿಗ್ಗೈ, 14-11-2025, ಶುಕ್ರವಾರ

ನಮ್ಮ ಬೆಕ್ಕು ಬೊಳ್ಳಿ ಬದುಕಿತು. ಹಿಂಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗಳು ತೃಷಾಳ ಹಾಸಿಗೆಯಲ್ಲಿ ಮಲಗಿದೆ. ನಿದ್ದೆ ಬಾರದಿರುವುದು ನನಗೆ.

ಬೆಳಿಗ್ಗೆ ಬೆಕ್ಕು ಯಾರದೋ ಕಾರಿನಡಿಗೆ ಸಿಕ್ಕಿತು. ಎತ್ತಲು ಹೋದ ನನ್ನನ್ನು ನೋವಿಗೆ ಪರಚಿತು. ಈ ಕೊಲ್ಲಿ ನಾಡಿನ ರಸ್ತೆ ಗುಡಿಸುತ್ತಿದ್ದ ಬಂಗಾಲಿ ಮುದುಕ ಪೊರಕೆ ಬಿಸಾಡಿ ಓಡಿಬಂದ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೊಳ್ಳಿಯನ್ನು ಅದರಲ್ಲಿ ಸುತ್ತಿ ಎದೆಗೊತ್ತಿಕೊಂಡ.

"ಚಲೋ ಭಾಯಿ, ಗಾಡಿ ನಿಕಾಲೋ."

ಕಾರಿನ ಬಾಗಿಲು ತೆಗೆದೆ. ಅವನ ಬಟ್ಟೆಯ ತುಂಬ ಬೀದಿಯ ಧೂಳು, ಬೆವರು. ನನ್ನ ಕೈ ತಾನಾಗಿ ಒಂದು ಹಳೇ ಪೇಪರ್ ಎತ್ತಿ, ಅವನು ಕೂರುವ ಜಾಗಕ್ಕೆ ಹಾಸಿತು. ತಾನಾಗಿ ಎಂದು ಬರೆದೆನಲ್ಲ, ಅದೂ ಸುಳ್ಳು. ನಾನೇ ಹಾಸಿದೆ.

ಊರಲ್ಲಿ ನನ್ನಪ್ಪನಿಗೆ ಬೇರೆ ಲೋಟ ಇಟ್ಟ ಹೋಟೆಲಿನೆದುರು ಮೂರು ದಿನ ಧರಣಿ ಕೂತವನು ನಾನು. ಆ ಲೋಟವನ್ನು ಕಲ್ಲಿಗೆ ಬಡಿದು ಒಡೆದವನು. ಇವತ್ತು ಅದೇ ಲೋಟ ನನ್ನ ಕೈಯಲ್ಲಿತ್ತು. ಥೂ ನನ್ನ ಜನ್ಮಕ್ಕೆ.

ಮುದುಕ ನಕ್ಕ. "ಅಚ್ಛಾ ಕಿಯಾ ಭಾಯಿ, ಬಿಲ್ಲಿ ಕೇ ಲಿಯೇ." ಬೆಕ್ಕಿಗೆಂದೇ ಹಾಸಿದ್ದೆಂದುಕೊಂಡು ಪೇಪರನ್ನು ಮಡಚಿ ಅದರಡಿಗೆ ಇಟ್ಟ. ದಾರಿಯುದ್ದಕ್ಕೂ ಅದಕ್ಕೆ ಮೆಲ್ಲಗೆ ಏನೋ ಹಾಡಿದ. ಹೆಸರು ಶೊಹಿದುಲ್. ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಬದುಕುತ್ತದೆ ಎನ್ನುವವರೆಗೂ ಅವನು ಕೂರಲಿಲ್ಲ.

ಮುಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದ ತೃಷಾ ಈಗಷ್ಟೇ ಬಂದು ಕೇಳಿದಳು: "ಪಪ್ಪಾ, ದ ಪೇಪರ್ ವಾಸ್ ಫಾರ್ ಬೊಳ್ಳಿ, ರೈಟ್?"

"ಹೌದು ಮಗಾ" ಎಂದೆ.

ಅವಳು ನನ್ನನ್ನೊಮ್ಮೆ ನೋಡಿ, ಬಾಗಿಲು ಎಳೆದುಕೊಂಡು ಹೋದಳು. ಶೊಹಿದುಲ್ ನಂಬಿದ್ದ. ಇವಳು ನಂಬಲಿಲ್ಲ.