ಕನ್ನಡಿಯಲ್ಲಿ ಕಲಿತ ಅಕ್ಷರ

೧೪ ಮಾರ್ಚ್, ಭಾನುವಾರ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಗುಬ್ಬಿಗೆ,

ಅಪ್ಪನ ತುಂಬು ಪ್ರೀತಿ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಮರೆತೆನೆಂದು ಮಾತ್ರ ತಿಳಿಯಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ನೀನು ಬರೆದ ಒಂದು ಮಾತು ಅಡ್ಡ ಬರುತ್ತಿತ್ತು: "ಇನ್ಮೇಲೆ ಅಮ್ಮನ ಕೈಗೆ ಫೋನ್ ಕೊಡಬೇಡಪ್ಪ. ಅವಳು ಹೇಳೋದು ಒಂದೂ ಅರ್ಥ ಆಗಲ್ಲ, ನನ್ನ ಕೈಲಿ ಕೇಳೋಕಾಗಲ್ಲ." ನಿನ್ನದು ತಪ್ಪೆಂದು ಹೇಳುತ್ತಿಲ್ಲ. ನನ್ನ ಕೈಲೂ ಆಗುತ್ತಿರಲಿಲ್ಲ. ಆದರೆ ನೀನು ಫೋನ್ ಮಾಡದ ಭಾನುವಾರಗಳಲ್ಲಿ ಅಮ್ಮ ಸಂಜೆಯವರೆಗೂ ಅದರ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಈ ಕಾಗದ ಅದಕ್ಕೇ.

ಪಾರ್ಶ್ವವಾಯು ಹೊಡೆದ ಅವಳ ಬಲಗಾಲು ಈಗ ಹೇಳಿದ ಮಾತು ಕೇಳುತ್ತದೆ. ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ಹೋಗುತ್ತಾಳೆ. ಮಾತು ಮಾತ್ರ ಹಾಗೇ ಇದೆ. "ಮೊದಲು ಕಲಿತ ಭಾಷೆ ಉಳಿದಿದೆ, ಆಮೇಲೆ ಕಲಿತ ಇಂಗ್ಲಿಷ್ ಹೋಗಿದೆ. ತಿರುಗಿ ಬಂದ್ರೂ ಬರಬಹುದು, ನೆಚ್ಚಿಕೊಂಡು ಕೂರಬೇಡಿ" ಎಂದರು ಡಾಕ್ಟರು. ಮೂವತ್ತೈದು ವರ್ಷ ನಾವು ಸಂಸಾರ ಮಾಡಿದ್ದು, ಜಗಳ ಆಡಿದ್ದು, ನಿನ್ನನ್ನು ಬೆಳೆಸಿದ್ದು ಎಲ್ಲವೂ ಇಂಗ್ಲಿಷಿನಲ್ಲೇ. ಹುಟ್ಟಿದಾಗಿನಿಂದ ನನಗೆ ಬರುವುದು ಅದೊಂದೇ. ಆಸ್ಪತ್ರೆಯಿಂದ ಬಂದ ಮೊದಲ ವಾರ ಅವಳು ಹಾಸಿಗೆಯಿಂದಲೇ ತವರಿನ ಭಾಷೆಯಲ್ಲಿ ಏನೋ ಕೇಳುತ್ತಿದ್ದಳು. ನಾನು ಕನ್ನಡಕ ತಂದುಕೊಟ್ಟೆ, ಅದಲ್ಲ. ಹೊದಿಕೆ ತಂದೆ, ಅದೂ ಅಲ್ಲ. ಕೊನೆಗೆ ಅವಳೇ ನನ್ನ ಕೈ ತಟ್ಟಿ ಸಮಾಧಾನ ಮಾಡಿ ಸುಮ್ಮನಾದಳು. ಅವಳ ದನಿ ಮನೆ ತುಂಬ ಇದೆ ಗುಬ್ಬಿ, ಆದರೂ ನಾನು ಅವಳಿಗಾಗಿ ಹಂಬಲಿಸುತ್ತೇನೆ. ಎದುರಿಗೇ ಕೂತವಳು ಇಷ್ಟು ನೆನಪಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಹಾಗಾಗಿ ಬಸ್ ಡಿಪೋ ಎದುರಿನ ಸಂಜೆ ಶಾಲೆಗೆ ಹೋದೆ. ಅಲ್ಲಿ ಕೌಂಟರಿನ ಹಿಂದೆ ಒಂದು ಪಟ್ಟಿ ತೂಗುಹಾಕಿದ್ದಾರೆ, ಇಂಗ್ಲಿಷ್ ಬಲ್ಲವರಿಗೆ ಯಾವ ಭಾಷೆ ಎಷ್ಟು ಕಷ್ಟ ಎಂದು. ಥೇಟ್ ನಮ್ಮ ಅಂಗಡಿಯ ಕಣ್ಣುಪರೀಕ್ಷೆಯ ಪಟ್ಟಿಯ ಹಾಗೆ. ಮೇಲೆ ದಪ್ಪಕ್ಷರದಲ್ಲಿ ಆರು ತಿಂಗಳಿನವು, ಕೆಳಗಿಳಿದಂತೆ ಒಂದು ವರ್ಷ, ಎರಡು ವರ್ಷ. ಅಮ್ಮನ ಭಾಷೆ ಕಟ್ಟಕಡೆಯ ಸಾಲಿನಲ್ಲಿ, ನಾಲ್ಕು ವರ್ಷ. ಕೌಂಟರಿನ ಹೆಂಗಸು ನನ್ನ ನರೆಗೂದಲು ನೋಡಿದಳು. "ಈ ವಯಸ್ಸಲ್ಲಿ ಆ ಕಬ್ಬಿಣದ ಕಡಲೆ ಯಾಕೆ ಸಾರ್? ಮೇಲಿನ ಸಾಲಿಂದು ತಗೊಳ್ಳಿ. ಇಂಗ್ಲಿಷಿನ ಅಕ್ಷರಗಳೇ, ಅರ್ಧಕ್ಕರ್ಧ ಪದಗಳು ನಿಮಗೆ ಗೊತ್ತಿರೋವೇ. ನೀರು ಕುಡಿದಷ್ಟು ಸುಲಭ."

ನಿಜ ಹೇಳುತ್ತೇನೆ, ಸುಲಭದ್ದಕ್ಕೇ ಹೆಸರು ಬರೆಸಿ ಬಂದೆ. ಒಂದರಲ್ಲಿ ನಾಲಿಗೆ ಪಳಗಿದರೆ ಇನ್ನೊಂದು ತಾನಾಗಿ ಬರುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಹೆದರಿಕೆ, ಮತ್ತೇನಲ್ಲ. ತರಗತಿಯೇನೋ ಮಜವಾಗಿತ್ತು. ಪಕ್ಕದಲ್ಲಿ ರಜೆಗೆ ಕಡಲತೀರಕ್ಕೆ ಹೊರಟ ಬೇಕರಿಯಾಕೆ, ಮುಂದೆ ಮೂರನೇ ಮದುವೆಗೆ ಸಿದ್ಧನಾಗುತ್ತಿದ್ದ ಬಸ್ ಡ್ರೈವರು. ಮೂರನೇ ದಿನಕ್ಕೆ "ಸ್ಟೇಷನ್ ಎಲ್ಲಿದೆ?" ಎಂದು ಕೇಳುವಷ್ಟಾದೆ. ಆ ಹುರುಪಿನಲ್ಲಿ ಮನೆಗೆ ಬಂದು ಅಮ್ಮನ ಮುಂದೆಯೂ ಅದನ್ನೇ ಒಪ್ಪಿಸಿದೆ. ಅವಳು ಸುತ್ತುತ್ತಿದ್ದ ಉಣ್ಣೆಯ ಉಂಡೆ ಕೆಳಗಿಟ್ಟು, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಇನ್ನೊಮ್ಮೆ ಹೇಳು ಎಂದು ಕೈಮಾಡಿದಳು. ನಾನು ತನ್ನ ಭಾಷೆಯನ್ನೇ ಆಡುತ್ತಿದ್ದೇನೆ, ಉಚ್ಚಾರ ಕೆಟ್ಟಿದೆ ಅಷ್ಟೇ ಎಂದುಕೊಂಡಿರಬೇಕು. ನಾನು ಬೆಪ್ಪನ ಹಾಗೆ ಮೂರು ಸಲ ಸ್ಟೇಷನ್ ಎಲ್ಲಿದೆ ಎಂದೆ. ಆಮೇಲೆ ಅವಳ ಮುಖ ನೋಡಲಾಗಲಿಲ್ಲ. ಮಾರನೆಯ ದಿನವೇ ಹೋಗಿ ಹೆಸರನ್ನು ಕೊನೆಯ ಸಾಲಿಗೆ ಬದಲಾಯಿಸಿದೆ.

ಇಲ್ಲಿ ನಾವು ಇಬ್ಬರೇ, ನಾನು ಮತ್ತೊಬ್ಬ ಹಡಗಿನ ಅಡುಗೆಯವ. ಟೀಚರಮ್ಮ ಅಮ್ಮನ ಸೀಮೆಯವರೇ, ನಿವೃತ್ತ ನರ್ಸು. ನಾನು ಮೊದಲ ದಿನವೇ ವಯಸ್ಸಿನ ಮಾತೆತ್ತಿದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನೀವೇ ಹೇಳ್ಕೊಂಡು ಕೂರಬೇಡಿ. ಇಂಜೆಕ್ಷನ್ ಚುಚ್ಚಿದ ಕೈ ಇದು, ಬಗ್ಗಿಸ್ತೀನಿ" ಎಂದರು. ಅಕ್ಷರಗಳೂ, ಕೆಳಗೆ ಮೊದಲ ಪಾಠವೂ ಅಚ್ಚಾಗಿದ್ದ ದೊಡ್ಡ ಹಾಳೆಯೊಂದನ್ನು ಕೊಟ್ಟರು.

ಇನ್ನು ನಿನ್ನಪ್ಪನ ಬುದ್ಧಿವಂತಿಕೆ ಕೇಳು. ನಮ್ಮ ಪರೀಕ್ಷೆಯ ಕೋಣೆ ನೆನಪಿದೆಯಲ್ಲ. ಉದ್ದ ಸಾಲದೆಂದು ಪಟ್ಟಿಯನ್ನು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತೇನೆ. ಕನ್ನಡಿಯಲ್ಲಿ ನೆಟ್ಟಗೆ ಕಾಣಲೆಂದೇ ಆ ಪಟ್ಟಿಯಲ್ಲಿ ಅಕ್ಷರಗಳು ಹಿಂದುಮುಂದಾಗಿ ಅಚ್ಚಾಗಿರುತ್ತವೆ. ಚಿಕ್ಕವಳಿದ್ದಾಗ ನೀನು ಅವನ್ನು ಹುಚ್ಚು ಅಕ್ಷರ ಅನ್ನುತ್ತಿದ್ದೆ. ನಲವತ್ತು ವರ್ಷದ ಅಭ್ಯಾಸ ನೋಡು, ಟೀಚರಮ್ಮನ ಹಾಳೆಯನ್ನೂ ಅದೇ ಮೊಳೆಗೆ ಸಿಕ್ಕಿಸಿದೆ. ಗಿರಾಕಿ ಇಲ್ಲದಾಗೆಲ್ಲ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಿ ನೋಡಿ ತಿದ್ದಿದೆ. ಗೊತ್ತಿಲ್ಲದ ಲಿಪಿ, ಮುಖ ಯಾವ ಕಡೆಗಿದ್ದರೆ ಏನು ತಿಳಿಯಬೇಕು? ಹತ್ತು ದಿನ ಹಾಗೇ ನಡೆಯಿತು. ಊರಿನ ಕಣ್ಣೆಲ್ಲ ಸರಿಮಾಡುವವನ ಕಥೆ, ದೀಪದ ಕೆಳಗೆ ಕತ್ತಲೆ.

ಒಂದು ಬೆಳಗ್ಗೆ ಧೈರ್ಯ ಮಾಡಿ ಅಮ್ಮನಿಗೆ ಚೀಟಿ ಬರೆದು ಚಹಾದ ಲೋಟದ ಪಕ್ಕ ಇಟ್ಟೆ. ನನಗೆ ಬರುತ್ತಿದ್ದದ್ದು ಮೊದಲ ಪಾಠ ಮಾತ್ರ: "ಇದು ಬಾಗಿಲು. ಅದು ಕಿಟಕಿ." ಅವಳು ನೋಡಿದಳು, ಹುಬ್ಬು ಗಂಟಿಕ್ಕಿತು. ಓದುವುದೂ ಹೋಯಿತೇನೋ ಎಂದುಕೊಂಡೆ. ಅವಳು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಎದ್ದಳು. ಕಾಲೆಳೆಯುತ್ತ ಕಿಟಕಿಗೆ ಹೋಗಿ, ಚೀಟಿಯನ್ನು ಬೆನ್ನುಮೇಲಾಗಿ ತಿರುಗಿಸಿ ಗಾಜಿಗೆ ಒತ್ತಿ ಹಿಡಿದಳು. ಹಿಂಬದಿಯಿಂದ, ಬೆಳಕಿನಲ್ಲಿ, ಜೋರಾಗಿ ಓದಿದಳು. ಓದಿ ನಗಲು ಶುರುಮಾಡಿದಳು ಗುಬ್ಬಿ. ಕಿಟಕಿಯನ್ನೇ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಎಷ್ಟಾದರೂ ಕನ್ನಡಕದಂಗಡಿಯವನ ಹೆಂಡತಿ. ನಾನು ಎಲ್ಲಿ ಕೂತು ಕಲಿತೆನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು. ಆಮೇಲೆ ನನ್ನ ಪಕ್ಕ ಕೂತು, ಕೈ ಹಿಡಿದು, ಒಂದೊಂದೇ ಅಕ್ಷರವನ್ನು ನೆಟ್ಟಗೆ ತಿದ್ದಿಸಿದಳು. ಚಹಾ ಆರಿ ತಣ್ಣಗಾಗಿತ್ತು.

ನೀನು ಕೊನೆಯ ಸಲ ಫೋನ್ ಮಾಡಿದಾಗ ಅವಳು ಹೇಳಿದ್ದನ್ನೇ ಹೇಳುತ್ತಿದ್ದಳಲ್ಲ, ಆ ಸದ್ದು ನನ್ನ ಕಿವಿಯಲ್ಲೇ ಉಳಿದಿತ್ತು. ಬಂದಷ್ಟನ್ನು ಟೀಚರಮ್ಮನ ಮುಂದೆ ಒಪ್ಪಿಸಿದೆ. ಅವರು ಅರ್ಥ ಹೇಳಿದರು: "ಊಟ ಆಯ್ತಾ? ಯಾಕೆ ದನಿ ಸಣ್ಣಗಿದೆ? ಸರಿಯಾಗಿ ನಿದ್ದೆ ಮಾಡ್ತೀಯಾ?" ಅಷ್ಟೇ, ಮಗಳೇ. ಅವಳು ಎಂದಿನಿಂದಲೂ ನಿನ್ನನ್ನು ಕೇಳುತ್ತಿದ್ದದ್ದೇ. ಬರುವ ಭಾನುವಾರವಾದರೂ ಫೋನ್ ಮಾಡು. ಉತ್ತರ ಇಂಗ್ಲಿಷಿನಲ್ಲೇ ಹೇಳು, ಪರವಾಗಿಲ್ಲ. ಅವಳಿಗೆ ಬೇಕಾದದ್ದು ನಿನ್ನ ದನಿ.

ಇದರ ಜೊತೆ ಅಕ್ಷರಗಳ ಒಂದು ಹಾಳೆ ಇಟ್ಟಿದ್ದೇನೆ. ಅಮ್ಮನೇ ಬರೆದದ್ದು, ಹಾಗಾಗಿ ನೆಟ್ಟಗಿದೆ. ಕನ್ನಡಿ ಬೇಡ. ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲವೂ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ. ಕ.: ಬರೆಯಬೇಕೆಂದು ಕೂತದ್ದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದಿದ್ದೇನೆ. ಹದಿನಾಲ್ಕರ ವಯಸ್ಸಿನಲ್ಲಿ ನೀನು ಊಟದ ಮೇಜಿನಲ್ಲಿ, "ನಿನ್ನ ಭಾಷೆ ನನಗ್ಯಾಕೆ ಕಲಿಸಲಿಲ್ಲಮ್ಮ?" ಎಂದು ಕೇಳಿದ್ದೆ. "ನಂದೇ ಸೋಮಾರಿತನ ಕಣೇ" ಎಂದು ಅವಳು ನಕ್ಕಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ಆ ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು. ನಿನಗೆ ಎರಡು ತುಂಬುವ ಹೊತ್ತಿಗೆ ನೀನು ಲೋಟ ಹಿಡಿದುಕೊಂಡು ಬಂದು ಅವಳ ಮಾತಿನಲ್ಲೇ ಏನೋ ಕೇಳುತ್ತಿದ್ದೆ, ನನಗೆ ತಿಳಿಯುತ್ತಿರಲಿಲ್ಲ. "ಮಗೂನ ಗೊಂದಲಕ್ಕೆ ಹಾಕಬೇಡ. ಎಲ್ಲರಿಗೂ ಸುಲಭ ಆಗೋ ಭಾಷೆ ಒಂದಿದ್ರೆ ಸಾಕು" ಎಂದು ನಾನೇ ಹೇಳಿದೆ. ಅವತ್ತಿನಿಂದ ಅವಳು ಹೆಣಿಗೆ ಎಣಿಸುವಾಗ ಬಿಟ್ಟರೆ ಮನೆಯಲ್ಲಿ ಆ ಭಾಷೆ ಆಡಲಿಲ್ಲ. ಮೊನ್ನೆ ಮೂರನೇ ಪಾಠದಲ್ಲಿ ನೀರು ಎಂಬುದಕ್ಕೆ ಅವರ ಪದ ಬಂತು. ಟೀಚರಮ್ಮನ ಬಾಯಲ್ಲಿ ಕೇಳಿದ ಕೂಡಲೇ ಲೋಟ ಹಿಡಿದ ನೀನು ಕಣ್ಣಮುಂದೆ ನಿಂತೆ. ಆಸ್ಪತ್ರೆಯಿಂದ ಬಂದ ವಾರ ಹಾಸಿಗೆಯಿಂದ ಅವಳು ಕೇಳುತ್ತಿದ್ದದ್ದೂ ಅದನ್ನೇ. ಎರಡು ವರ್ಷದ ನಿನಗೆ ಆ ಪದ ಬರುತ್ತಿತ್ತು, ಗುಬ್ಬಿ. ಬಿಡಿಸಿದವನು ನಾನು.