ಅಚ್ಚಿನೊಳಗಿನ ಅಕ್ಷರ

ಸಾರಕ್ಕಿ
೨೨-೪-೧೯೬೨

ಚಿ|| ಸೌ|| ಸೀತಾಲಕ್ಷ್ಮಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನಜ್ಜಿ ಇಬ್ಬರೂ ಕ್ಷೇಮ. ನೀನು, ಅಳಿಯಂದಿರು, ಕೂಸು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. "ಅವ್ವನಿಗೆ ನಾನು ಬೇಡವಾದೆ" ಎಂದು ಸಂಕ್ರಾಂತಿಯಲ್ಲಿ ಬರೆದಿದ್ದೆಯಲ್ಲ, ಆ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬಯ್ಯಬೇಡ ಕಣೇ. ಹಾಳೆ, ಲಕೋಟೆ ಅವತ್ತೇ ತರಿಸಿ ದೇವರ ಪಟದ ಹಿಂದೆ ಸಿಕ್ಕಿಸಿದ್ದೆ. ದಿನಾ ಕೈಗೆ ಹತ್ತಿದ ಮಣ್ಣು ತೊಳೆದು ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಕೂಸಿಗೆ ಹಲ್ಲು ಬಂತೇ? ತಣ್ಣೀರಿನಲ್ಲಿ ಜಾಸ್ತಿ ಕೈಯಾಡಿಸಬೇಡ. ನಿಮ್ಮತ್ತೆ ಏನಾದರೂ ಅಂದರೆ ನನ್ನ ಹೆಸರು ಹೇಳು.

ಈಗ ಒಂದು ಕಡೆ ಕೂತುಕೊಂಡು ಓದು. ನಾನು ಇಟ್ಟಿಗೆ ಗೂಡಿಗೆ ಬೆಂಕಿ ಇಟ್ಟೆ. ಹೌದು, ನಾನೇ.

ನಿಮ್ಮಪ್ಪ ಹೋದ ಮೇಲೆ ಗೂಡಿನ ಕಥೆ ಮುಗಿಯಿತು ಎಂದೇ ಊರೆಲ್ಲ ಅಂದುಕೊಂಡಿತ್ತು. ಕೆರೆಮಣ್ಣು ತುಳಿಸುವುದು, ಅಚ್ಚು ಹಾಕುವುದು, ಒಣಗಿಸಿ ಗೂಡು ಕಟ್ಟಿಸುವುದು ಅವರಿದ್ದಾಗಲೂ ನನ್ನ ಕೈಯಲ್ಲೇ ಇತ್ತು, ನೀನು ನೋಡಿಯೇ ಬೆಳೆದವಳು. ಗಂಡಸರದ್ದು ಎಂದು ಉಳಿದಿದ್ದು ಒಂದೇ, ಬೆಂಕಿ ಇಡುವುದು. ಹೆಂಗಸು ಬೆಂಕಿ ಇಟ್ಟರೆ ಒಳಗಿನ ಇಟ್ಟಿಗೆ ಬೇಯುವುದಿಲ್ಲ ಅಂತ ನಮ್ಮವರು ಹೇಳುತ್ತಾರಲ್ಲ, ನಾನೂ ಹಾಗೇ ನಂಬಿದ್ದೆ.

ನಿನ್ನ ಚಿಕ್ಕಪ್ಪ ಚಿಕ್ಕಬೈರಪ್ಪನಿಗೆ ಅದೇ ಬೇಕಾಗಿತ್ತು. ಗೂಡಿನ ಜಾಗವನ್ನು ಸೈಟು ಮಾಡುವವರಿಗೆ ಕೊಟ್ಟುಬಿಡೋಣ ಅಂತ ದೀಪಾವಳಿಯಿಂದ ಒಂದೇ ಹಟ. ಕೊಟ್ಟರೆ ನಾನು, ನಿನ್ನಜ್ಜಿ ಅವನ ಮನೆಯ ಮೂಲೆಯಲ್ಲಿ ಕೂತು ಉಣ್ಣಬೇಕು. ನನಗೆ ಬೇಡ ಅನ್ನಿಸಿತ್ತು. ಜಯನಗರದಲ್ಲಿ ಮನೆ ಕಟ್ಟಿಸುತ್ತಿರುವ ಕಂಟ್ರಾಕ್ಟರ್ ಜಯಸಿಂಹ, "ಅಮ್ಮಾ, ಈ ಒಂದು ಗೂಡು ಸರಿಯಾಗಿ ಕೊಡಿ, ಮುಂದೆಯೂ ನಿಮ್ಮ ಹತ್ರಾನೇ ತಗೋತೀನಿ" ಅಂದಿದ್ದರು. ಅವರೊಬ್ಬರು ಕೈಬಿಟ್ಟರೆ ಗೂಡಿಗೆ ಬೇರೆ ಗಿರಾಕಿ ಇರಲಿಲ್ಲ.

ಗೂಡು ಕಟ್ಟಿ, ಮೇಲೆ ಮಣ್ಣು ಮೆತ್ತಿ, ಒಲೆಬಾಯಿಗಳಿಗೆ ಸೌದೆ ತುಂಬಿ ಆಗಿತ್ತು. ಬನಶಂಕರಿ ಕಡೆಯಿಂದ ಮೋಡ ಏರುತ್ತಿತ್ತು. ಹಸಿ ಇಟ್ಟಿಗೆಯ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ, ಎಲ್ಲ ಮತ್ತೆ ಕೆಸರು. ಆವಾಗ ಬಂದ ನೋಡು ನಿನ್ನ ಚಿಕ್ಕಪ್ಪ, ಪಂಚೆ ಎತ್ತಿ ಕಟ್ಟಿಕೊಂಡು.

"ಅತ್ಗೆ, ನಾನು ಬೆಂಕಿ ಇಡಾಕಿಲ್ಲ. ಇಲ್ಲಿಗೆ ಸಾಕ್ ಮಾಡಿ" ಅಂದ. ಅಷ್ಟಕ್ಕೇ ನಿಲ್ಲಲಿಲ್ಲ. ನಿಮ್ಮಪ್ಪನ ಹೆಸರಿನ ಮೊದಲಕ್ಷರ 'ರಾ' ಕೆತ್ತಿದ ಅಚ್ಚುಗಳಿದ್ದವಲ್ಲ, ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡ. "ಇದು ನಮ್ಮಣ್ಣನ ಅಕ್ಷರ. ಹೆಂಗಸ್ರು ನಡ್ಸೋ ಗೂಡಿಗೆ ಬ್ಯಾಡ" ಅಂತ ಹೇಳಿ ಹೊರಟೇ ಹೋದ.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದೆ, ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಬೆಂಕಿ ಇಡೋಣವೆಂದು ಒಲೆಬಾಯಿಯ ಮುಂದೆ ಕೂತರೆ ಕೈಯೇ ಮುಂದೆ ಹೋಗಲಿಲ್ಲ ಸೀತಾ. ಇಟ್ಟಿಗೆ ಬೇಯದೇ ಹೋದರೆ? ಮಣ್ಣು ತುಳಿಯುವ ಮುನಿವೆಂಕಟಮ್ಮ, "ಅಕ್ಕಾ, ಹನಿ ಬೀಳ್ತೈತೆ, ಏನ್ ಮಾಡಾನ?" ಅಂತ ಕೂಗುತ್ತಿದ್ದಳು.

ಅಷ್ಟರಲ್ಲಿ ನಿನ್ನಜ್ಜಿ ಬಂದರು. ಮಂಡಿನೋವು ಅಂತ ಹಿತ್ತಲು ದಾಟದವರು, ಮುರುಕು ಮಡಕೆಯಲ್ಲಿ ಮನೆ ಒಲೆಯ ಕೆಂಡ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಒಬ್ಬರೇ ನಡೆದು ಬರುತ್ತಿದ್ದಾರೆ! ಬೆಂಕಿ ಇಡುವಾಗ ಗೂಡಿನ ಹತ್ತಿರ ನನ್ನ ನೆರಳೂ ಬೀಳಬಾರದು ಅಂತ, ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಗದರಿದ್ದು ಇವರೇ. ಬಯ್ಯುತ್ತಾರೆ ಅಂದುಕೊಂಡೆ.

"ಯಾಕಮ್ಮಿ ಕುಂತಿದ್ದೀಯ? ದಿನಾ ಬೆಳಗಾದ್ರೆ ನಮ್ಮನೆ ಒಲೆ ಹಚ್ಚಾಕೆ ಯಾವ ಗಂಡ್ಸು ಬತ್ತಾನೆ? ಆ ಒಲೇಲಿ ಮುದ್ದೆ ಬೇಯಾಕಿಲ್ವಾ? ಇದೂ ಒಲೇನೆ. ವಸಿ ದೊಡ್ಡದು, ಅಷ್ಟೆಯ" ಅಂದರು. ಮಡಕೆಯನ್ನು ನನ್ನ ಕೈಗೇ ಕೊಟ್ಟರು.

ಕೆಂಡ ಸುರಿದೆ. ಸ್ವಲ್ಪ ಹೊತ್ತು ಬರೀ ಹೊಗೆ. ಆಮೇಲೆ ಒಳಗೆಲ್ಲೋ ಗಾಳಿ ಸೇದಿಕೊಂಡಂತೆ ಭುಸ್ಸೆಂದು ಹೊತ್ತಿಕೊಂಡಿತು ನೋಡು! ಮಳೆ ನಾಲ್ಕು ಹನಿ ಉದುರಿಸಿ ಉತ್ತರಹಳ್ಳಿ ಕಡೆ ಹೊರಟುಹೋಯಿತು. ಸಂಜೆಯ ಹೊತ್ತಿಗೆ ಮಣ್ಣಿನ ಬಿರುಕುಗಳಲ್ಲೆಲ್ಲ ಕೆಂಪು ಕಾಣಿಸುತ್ತಿತ್ತು. ಅಷ್ಟು ದೊಡ್ಡ ಗೂಡು ಒಳಗಿನಿಂದ ಗುಂಯ್‌ಗುಡುತ್ತಿತ್ತು. ಹತ್ತಿರ ಹೋದರೆ ಮುಖ ಸುಡುತ್ತದೆ, ಬಿಟ್ಟು ಬರಲು ಮನಸ್ಸಿಲ್ಲ. ಇದನ್ನು ಹೊತ್ತಿಸಿದವಳು ನಾನೇ ಅಂತ ನನಗೇ ನಂಬಿಕೆ ಬರಲಿಲ್ಲ. ನಿನ್ನಜ್ಜಿ ಸೆರಗು ಹೊದ್ದು ಕೈಮುಗಿದು ನಿಂತರು. ನಾನೂ ಮುಗಿದೆ. ದೇವರಿಗೋ, ಬೆಂಕಿಗೋ, ನಿನ್ನಜ್ಜಿಗೋ, ತಿಳಿಯದು.

ಗೂಡು ಆರಿದ ಮೇಲೆ ಬಿಚ್ಚಿಸಿದೆವು. ಜಯಸಿಂಹ ಅವರು ನಡುವಿನಿಂದ ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ಕುಟ್ಟಿದರು. ಠಣ್ ಅಂತು. ಆಹಾ, ಆ ಸದ್ದು! ನೀನು ಹುಟ್ಟಿದಾಗ ಅತ್ತಿದ್ದು ಕೇಳಿದ ಮೇಲೆ ಅಷ್ಟು ಹಿತವಾದ ಸದ್ದು ನಾನು ಕೇಳಿರಲಿಲ್ಲ. "ಪೂರ್ತಿ ಬೆಂದಿದೆ ಅಮ್ಮಾ. ಮುಂದಿನ ಗೂಡೂ ನನಗೇ" ಅಂದರು. ನಿನ್ನ ಚಿಕ್ಕಪ್ಪನೂ ಬಂದಿದ್ದ. ಒಂದು ಇಟ್ಟಿಗೆ ಎತ್ತಿ ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಾ ನಮ್ಮಣ್ಣನ ಕೈಗುಣ" ಅಂದುಬಿಟ್ಟ! ನಗಬೇಕೋ ಅಳಬೇಕೋ ಹೇಳು. ಸೈಟಿನ ಮಾತು ಮಾತ್ರ ಮತ್ತೆ ಎತ್ತಿಲ್ಲ.

ಮೊನ್ನೆ ಇಟ್ಟಿಗೆ ಗಾಡಿಯ ಜೊತೆ ಜಯನಗರಕ್ಕೆ ಹೋಗಿದ್ದೆ. ನಾವು ಹುರುಳಿ ಬಿತ್ತುತ್ತಿದ್ದ ಕಡೆ ಈಗ ರಸ್ತೆ, ದೀಪದ ಕಂಬ, ಮಹಡಿ ಮನೆಗಳು. ಅರ್ಧ ಎದ್ದ ಗೋಡೆಯ ಮುಂದೆ ನಿಂತು ತಲೆಯೆತ್ತಿ ನೋಡಿದೆ. ನಮ್ಮ ಕಾಲಡಿಯ ಮಣ್ಣು ಅಷ್ಟೆತ್ತರ ಹೋಗಿ ನಿಂತಿದೆ ಸೀತಾ. ನಾಳೆ ಅದರ ಮೇಲೆ ಗಾರೆ ಬಳಿಯುತ್ತಾರೆ, ಯಾರ ಇಟ್ಟಿಗೆ ಅಂತ ಯಾರಿಗೂ ಕಾಣುವುದಿಲ್ಲ. ಕಾಣದಿದ್ದರೂ ಮನೆಯನ್ನು ಹೊತ್ತಿರುವುದು ಅದೇ ತಾನೆ. ಕತ್ತು ನೋಯುವವರೆಗೂ ನೋಡಿ ಬಂದೆ.

ಬೇಸಗೆ ಮುಗಿಯುವುದರೊಳಗೆ ಕೂಸನ್ನು ಕರೆದುಕೊಂಡು ಬಂದು ಹೋಗು. ನಿನ್ನಜ್ಜಿ ಮರಿಮಗಳಿಗೆ ಗೂಡು ತೋರಿಸಬೇಕಂತೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ಮುತ್ತೈದೆಯಾಗಿ ನೂರು ಕಾಲ ಬಾಳು.

ಇಂತಿ,
ನಿನ್ನ ಅವ್ವ

ತಾ.ಕ.: ಹೊಸ ಅಚ್ಚಿನ ವಿಷಯ ಬರೆಯುವುದೋ ಬೇಡವೋ ಅಂತ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಹಳೆಯ ಅಚ್ಚುಗಳು ಹೋದವಲ್ಲ, ಹೊಸದು ಮಾಡಲು ಬಡಗಿಯನ್ನು ಕರೆಸಿದ್ದೆವು. "ಯಾವ ಅಕ್ಸರ ಕೆತ್ಲಿ ತಾಯಿ?" ಅಂತ ಕೇಳಿದ. ನಿನ್ನಜ್ಜಿ, "ಇವ್ಳ ಗೂಡು, ಇವ್ಳ ಅಕ್ಸರಾನೇ ಕೆತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಿ, ನಿನ್ ಹೆಸ್ರೇನು? ಮರ್ತೇ ಹೋಯ್ತಲ್ಲ" ಅಂದರು. ಕೂಲಿಯವರಲ್ಲೂ ಯಾರಿಗೂ ಗೊತ್ತಿರಲಿಲ್ಲ. ನಗು ಬಂತು. ಹೇಳೋಣವೆಂದು ಬಾಯಿ ತೆಗೆದರೆ ನನಗೂ ತಟ್ಟನೆ ಬರಲಿಲ್ಲ ಕಣೇ. ನಿಮ್ಮಪ್ಪನ ಹೆಸರನ್ನು ನಾನು ಬಾಯಲ್ಲಿ ಆಡಬಾರದು ಅಂತ ಶಾಸ್ತ್ರವಿತ್ತು, ಆಡಲಿಲ್ಲ. ನನ್ನ ಹೆಸರನ್ನು ಅವರು ಆಡಬಾರದು ಅಂತ ಯಾವ ಶಾಸ್ತ್ರವೂ ಇರಲಿಲ್ಲ. ಬದುಕಿರುವವರೆಗೂ "ಏ, ಇವಳೇ" ಅಂತಲೇ ಕರೆದು ಹೋದರು. ಅಚ್ಚಿನಲ್ಲಿ ಈಗ 'ಗೌ' ಅಂತಿದೆ. ನೀನೂ ಕಾಗದದ ಮೇಲೆ ನಿಮ್ಮಪ್ಪನ ಹೆಸರು ಬರೆದು "ಇವರ ಮನೆ" ಅಂತಲೇ ಕಳಿಸುತ್ತೀಯ. ಇನ್ನು ಮೇಲೆ ಗೌರಮ್ಮ, ಇಟ್ಟಿಗೆ ಗೂಡು, ಸಾರಕ್ಕಿ ಅಂತ ಬರಿ. ಪೋಸ್ಟ್‌ಮ್ಯಾನಿಗೆ ಅದು ಯಾರೆಂದು ಗೊತ್ತಾಗುವುದಿಲ್ಲ. ಊರೆಲ್ಲ ಕೇಳಿಕೊಂಡು ಬರಲಿ.